ಆಟಗಾರನ ಬಲಕ್ಕೆ ಅಂಕೆಯ ಅಳತೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಊರುಗಳಲ್ಲಿ ಜಾತ್ರೆಯ ತೇರು ಸಾಗಿ ನೆಲೆಗೆ ಬಂದ ಬಳಿಕ ಕುಸ್ತಿಯ ಕಣವು ಸಜ್ಜಾಗುವುದನ್ನು ಕಂಡವರಿಗೆ, ಪೈಲ್ವಾನರ ಜೋಡಿ ಕಟ್ಟುವ ಹಿರಿಯರ ಹೊಣೆ ಎಷ್ಟು ಸೂಕ್ಷ್ಮವಾದುದೆಂಬುದು ತಿಳಿದೇ ಇದೆ. ಇಬ್ಬರ ಮೈಕಟ್ಟನ್ನು ನೋಡಿ, ಯಾವ ಗರಡಿಯಲ್ಲಿ ಯಾವ ವಸ್ತಾದರ ಕೈಯಲ್ಲಿ ಪಳಗಿದವರೆಂಬುದನ್ನು ಕೇಳಿ, ಹೋದ ವರುಷ ಯಾರು ಯಾರನ್ನು ಚಿತ್ ಮಾಡಿದರೆಂಬುದನ್ನು ನೆನೆದು, ಆಮೇಲೆ ಅವರು ಜೋಡಿಯನ್ನು ಗೊತ್ತುಪಡಿಸುತ್ತಾರೆ. ಜೋಡಿ ಸರಿಯಾಗಿ ಕೂಡಿದರೆ ಕುಸ್ತಿ ಕಳೆಗಟ್ಟುತ್ತದೆ. ಕೂಡದೆ ಹೋದರೆ ಬಲಿಷ್ಠನಿಗೆ ಗೆದ್ದ ಸಂತೋಷವಿಲ್ಲ, ದುರ್ಬಲನಿಗೆ ಕಲಿತ ಲಾಭವಿಲ್ಲ, ನೋಡಬಂದವರಿಗೆ ರಸವಿಲ್ಲ.

ಈ ಹಿರಿಯರ ತೀರ್ಮಾನದೊಳಗೆ ಮೂರು ವಿಚಾರಗಳು ಸೇರಿಕೊಂಡಿವೆ: ಆಟಗಾರನ ಹಿಂದಿನ ಸೋಲುಗೆಲವುಗಳು ಯಾವುವು, ಅವು ಎಂತಹ ಎದುರಾಳಿಯ ಮುಂದೆ ಒದಗಿದವು, ಒದಗಿ ಎಷ್ಟು ಕಾಲವಾಯಿತು. ಇಂದು ಚದುರಂಗದಿಂದ ಮೊದಲ್ಗೊಂಡು ಮೊಬೈಲಿನ ಆಟಗಳವರೆಗೆ ರೇಟಿಂಗ್ ಎಂಬ ಹೆಸರಿನಿಂದ ಬಳಕೆಯಲ್ಲಿರುವ ಪದ್ಧತಿಗಳೆಲ್ಲವೂ ಇವೇ ಪ್ರಶ್ನೆಗಳಿಗೆ ಗಣಿತದ ಮುಖಾಂತರ ಉತ್ತರವನ್ನು ಹುಡುಕಿದ ಪ್ರಯತ್ನಗಳು. ಹಿರಿಯರ ಕಣ್ಣಳತೆ ಸುತ್ತಮುತ್ತಣ ಊರುಗಳ ಮಟ್ಟಿಗೆ ಸಾಕಾದೀತು. ಆದರೆ ಒಬ್ಬರನ್ನೊಬ್ಬರು ಎಂದೂ ಕಾಣದ, ಭಾಷೆಯೂ ದೇಶವೂ ಬೇರೆಯಾದ ಲಕ್ಷಾಂತರ ಆಟಗಾರರನ್ನು ತೂಗಿ ನೋಡಬೇಕಾದಾಗ ಕಣ್ಣಿನ ಕೆಲಸವನ್ನು ಅಂಕೆಗೆ ವಹಿಸಬೇಕಾಗುತ್ತದೆ. ಆ ಅಂಕೆ ಹೇಗೆ ಹುಟ್ಟುತ್ತದೆ, ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ಮಕ್ಕಳನ್ನು ಆಟಕ್ಕೆ ಕಳುಹುವ ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರುವುದು ಮೇಲು.

ಆಟಗಾರರನ್ನು ದರ್ಜೆಗಳಾಗಿ ವಿಂಗಡಿಸುವ ಆಲೋಚನೆ ಈ ನೆಲಕ್ಕೆ ಹೊಸತಲ್ಲ. ಹಿಂದೆ ಯಲಬುರ್ಗಾ ತಾಲೂಕಿನಲ್ಲಿದ್ದು ಈಗ ಕುಕನೂರು ತಾಲೂಕಿಗೆ ಸೇರಿರುವ ಇಟಗಿಯಲ್ಲಿ, ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವು ಇಂದಿಗೂ ತನ್ನ ಶಿಲ್ಪವೈಭವದಿಂದ ನೋಡುವವರನ್ನು ಬೆರಗುಗೊಳಿಸುತ್ತಿದೆಯಷ್ಟೆ. ಅದೇ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ವಿಶ್ವಕೋಶಸದೃಶವಾದ ಗ್ರಂಥದಲ್ಲಿ ರಾಜನ ವಿನೋದಗಳನ್ನು ವಿವರಿಸುತ್ತ, ಚದುರಂಗದ ಆಟವನ್ನೂ ಮಲ್ಲವಿನೋದವನ್ನೂ ಸಾಂಗವಾಗಿ ನಿರೂಪಿಸಿದ್ದಾನೆ. ಅಲ್ಲಿ ಮಲ್ಲರನ್ನು ವಯಸ್ಸು, ಗಾತ್ರ, ಬಲಗಳ ಪ್ರಕಾರ ವರ್ಗಗಳಾಗಿ ವಿಭಾಗಿಸಿರುವುದನ್ನು ಗಮನಿಸಿದರೆ, ಸಮಬಲರನ್ನು ಎದುರುಬದುರಾಗಿ ನಿಲ್ಲಿಸಬೇಕೆಂಬ ವಿವೇಕಕ್ಕೆ ಈ ಸೀಮೆಯಲ್ಲಿ ಒಂಬೈನೂರು ವರ್ಷಗಳ ಹಿನ್ನೆಲೆ ಇದೆಯೆಂದು ಧೈರ್ಯವಾಗಿ ಹೇಳಬಹುದು. ಆದರೆ ಚದುರಂಗದಲ್ಲಿ ಮೈಕಟ್ಟನ್ನು ನೋಡಿ ಬಲವನ್ನು ಊಹಿಸುವಂತಿಲ್ಲ. ಬುದ್ಧಿಯ ಬಲವು ಕಾಣಿಸಿಕೊಳ್ಳುವುದು ಫಲಿತಾಂಶದಲ್ಲಿ ಮಾತ್ರವಾದ ಕಾರಣ, ಅದನ್ನು ಅಳೆಯುವುದಕ್ಕೆ ಫಲಿತಾಂಶವನ್ನೇ ಆಶ್ರಯಿಸಬೇಕಾಗುತ್ತದೆ.

ಗೆದ್ದ ಆಟಗಳನ್ನು ಎಣಿಸಿದರೆ ಸಾಲದೆ ಎಂದು ಯಾರಾದರೂ ಕೇಳಬಹುದು. ಸಾಲದು. ಎಳೆಯರನ್ನು ಹತ್ತು ಸಲ ಸೋಲಿಸಿದವನಿಗಿಂತ ಪ್ರವೀಣರೊಡನೆ ಹತ್ತು ಆಟಗಳನ್ನಾಡಿ ಮೂರನ್ನು ಗೆದ್ದವನು ಹೆಚ್ಚಿನವನಾಗಿರಬಹುದು. ಎಣಿಕೆಯಿಂದ ಈ ತಾರತಮ್ಯ ಗೋಚರಿಸುವುದಿಲ್ಲ. ಎದುರಾಳಿಯ ಬಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣವೆಂದರೆ, ಆ ಎದುರಾಳಿಯ ಬಲವು ಅವನ ಎದುರಾಳಿಗಳ ಬಲವನ್ನೂ, ಅದು ಮತ್ತೊಬ್ಬರ ಬಲವನ್ನೂ ಅವಲಂಬಿಸಿ, ಲೆಕ್ಕವು ಕೊನೆಮೊದಲಿಲ್ಲದ ಚಕ್ರವಾಗಿಬಿಡುತ್ತದೆ. ಜರ್ಮನಿಯ ಗಣಿತಜ್ಞ ಅರ್ನ್‌ಸ್ಟ್ ಜೆರ್ಮೆಲೊ 1929ರಲ್ಲೇ ಈ ಸಮಸ್ಯೆಗೆ ಸಂಭವನೀಯತಾ ಶಾಸ್ತ್ರದ ನೆಲೆಯಿಂದ ಪರಿಹಾರವನ್ನು ಸೂಚಿಸಿದ್ದನಾದರೂ, ಅದು ವಿದ್ವಾಂಸರ ಪತ್ರಿಕೆಯಿಂದ ಆಟದ ಮನೆಗೆ ಇಳಿದುಬರಲಿಲ್ಲ.

ಆ ಕೆಲಸವನ್ನು ಮಾಡಿದವರು ಅರ್ಪಾದ್ ಎಲೊ. 1903ರಲ್ಲಿ ಹಂಗೇರಿಯಲ್ಲಿ ಜನಿಸಿ, ಬಾಲ್ಯದಲ್ಲೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ವಲಸೆ ಹೋಗಿ, ಮಿಲ್ವಾಕಿ ನಗರದ ಮಾರ್ಕೆಟ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರು ಸ್ವತಃ ನುರಿತ ಚದುರಂಗ ಆಟಗಾರರೂ ಆಗಿದ್ದು, ವಿಸ್ಕಾನ್ಸಿನ್ ರಾಜ್ಯದ ಚಾಂಪಿಯನ್ ಪದವಿಯನ್ನು ಎಂಟು ಬಾರಿ ಗಳಿಸಿದ್ದರು. ಅಮೆರಿಕದ ಚದುರಂಗ ಒಕ್ಕೂಟವು ಅದಕ್ಕೆ ಮುಂಚೆ ಬಳಸುತ್ತಿದ್ದ ಹಾರ್ಕ್‌ನೆಸ್ ಪದ್ಧತಿಯ ಲೋಪಗಳನ್ನು ಪರಿಶೀಲಿಸಿ ಅವರು ರೂಪಿಸಿದ ಹೊಸ ಪದ್ಧತಿಯನ್ನು ಆ ಒಕ್ಕೂಟವು 1960ರಲ್ಲಿ ಸ್ವೀಕರಿಸಿತು; ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡೆ 1970ರಲ್ಲಿ ಅದನ್ನೇ ಅಂಗೀಕರಿಸಿತು. ಇಂದು ಚದುರಂಗಪ್ರೇಮಿಗಳು 'ಎಲೊ ಎಷ್ಟು?' ಎಂದು ಪರಸ್ಪರ ಕೇಳಿಕೊಳ್ಳುವಾಗ 1992ರಲ್ಲಿ ತೀರಿಕೊಂಡ ಈ ಪ್ರಾಧ್ಯಾಪಕರ ಹೆಸರನ್ನೇ ಉಚ್ಚರಿಸುತ್ತಿರುತ್ತಾರೆ.

ಎಲೊ ಅವರ ಚಿಂತನೆಯ ಮೊದಲ ಹೆಜ್ಜೆ, ಆಟಗಾರನ ಆಟವು ದಿನದಿನಕ್ಕೂ ಏರುಪೇರಾಗುತ್ತದೆಂಬ ಸರಳ ಸತ್ಯವನ್ನು ಒಪ್ಪಿಕೊಂಡದ್ದು. ಒಂದು ದಿನ ನಿದ್ದೆಗೆಟ್ಟು ಕುಳಿತವನು ಎಡವುತ್ತಾನೆ, ಮತ್ತೊಂದು ದಿನ ತನ್ನನ್ನೇ ಮೀರಿ ಆಡುತ್ತಾನೆ. ಆದರೆ ಈ ಏರಿಳಿತಗಳೆಲ್ಲವೂ ಒಂದು ಸರಾಸರಿಯ ಸುತ್ತಲೇ ಸುಳಿಯುತ್ತವೆ. ಎರಡನೆಯ ಹೆಜ್ಜೆ, ಇಬ್ಬರು ಆಟಗಾರರ ಸರಾಸರಿಗಳ ಅಂತರ ಗೊತ್ತಾದರೆ ಅವರೊಳಗೆ ಫಲಿತಾಂಶ ಹೇಗೆ ಹಂಚಿಕೆಯಾದೀತೆಂಬುದನ್ನು ಮುಂಚಿತವಾಗಿ ಹೇಳಬಹುದೆಂದು ತೋರಿಸಿದ್ದು. ಗೆಲವಿಗೆ ಒಂದು, ಡ್ರಾ ಆದರೆ ಅರ್ಧ, ಸೋಲಿಗೆ ಸೊನ್ನೆ ಎಂದು ಅಂಕ ಕೊಡುವ ಕ್ರಮದಲ್ಲಿ, ಸಮಾನ ರೇಟಿಂಗಿನವರು ನೂರು ಆಟಗಳನ್ನಾಡಿದರೆ ತಲಾ ಐವತ್ತು ಅಂಕಗಳನ್ನು ನಿರೀಕ್ಷಿಸಬೇಕು. ಅಂತರ 100 ಇದ್ದರೆ ಮೇಲಿನವನಿಗೆ 64, 200 ಇದ್ದರೆ 76, 400 ಇದ್ದರೆ ತೊಂಬತ್ತಕ್ಕೂ ಮೇಲೆ. ಇಲ್ಲಿ ಅಂತರಕ್ಕಲ್ಲದೆ ಮೂಲ ಅಂಕೆಗೆ ಸ್ವತಂತ್ರವಾದ ಅರ್ಥವಿಲ್ಲ. 1500ಕ್ಕೂ 1700ಕ್ಕೂ ಇರುವ ಸಂಬಂಧವೇ 2300ಕ್ಕೂ 2500ಕ್ಕೂ ಇರತಕ್ಕದ್ದು.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಗಂಗಾವತಿಯ ಹೈಸ್ಕೂಲು ವಿದ್ಯಾರ್ಥಿನಿಯೊಬ್ಬಳ ರೇಟಿಂಗ್ 1500, ಕೊಪ್ಪಳದ ಉಪಾಧ್ಯಾಯರೊಬ್ಬರದು 1700 ಎಂದು ಭಾವಿಸೋಣ. ಇಬ್ಬರೂ ಎದುರಾದಾಗ ವಿದ್ಯಾರ್ಥಿನಿಯಿಂದ ನಿರೀಕ್ಷಿಸಬಹುದಾದ ಅಂಕ 0.24. ಆಟ ಮುಗಿದ ಮೇಲೆ ಅವಳು ನಿಜವಾಗಿ ಗಳಿಸಿದ ಅಂಕದಿಂದ ಈ ನಿರೀಕ್ಷೆಯನ್ನು ಕಳೆದು, ಉಳಿದದ್ದನ್ನು ಒಂದು ಗುಣಕದಿಂದ ಗುಣಿಸಿ, ಬಂದದ್ದನ್ನು ಹಳೆಯ ರೇಟಿಂಗಿಗೆ ಕೂಡಿಸುವುದೇ ಇಡೀ ಪದ್ಧತಿಯ ಸಾರ. ಫಿಡೆ ನಿಯಮದಂತೆ 18ಕ್ಕೆ ಒಳಪಟ್ಟ ವಯಸ್ಸಿನ, 2300ಕ್ಕಿಂತ ಕಡಿಮೆ ರೇಟಿಂಗಿನ ಆಟಗಾರರಿಗೆ ಆ ಗುಣಕ 40. ಆದುದರಿಂದ ಅವಳು ಗೆದ್ದರೆ 30.4 ಏರುತ್ತಾಳೆ, ಡ್ರಾ ಮಾಡಿಕೊಂಡರೆ 10.4 ಏರುತ್ತಾಳೆ, ಸೋತರೆ 9.6 ಮಾತ್ರ ಇಳಿಯುತ್ತಾಳೆ. ಬಲಾಢ್ಯನ ಮುಂದೆ ಸೋತದ್ದಕ್ಕೆ ದಂಡ ಅಲ್ಪ, ಗೆದ್ದದ್ದಕ್ಕೆ ಪುರಸ್ಕಾರ ದೊಡ್ಡದು.

ಈ ಏರ್ಪಾಡಿನ ಸೊಗಸು ಪೂರ್ಣವಾಗಿ ತಿಳಿಯಬೇಕಾದರೆ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. 200ರ ಅಂತರವೇ ನಿಜವಾಗಿದ್ದು, ಅದೇ ಮಟ್ಟದ ಎದುರಾಳಿಗಳೊಡನೆ ಅವಳು ನೂರು ಆಟಗಳಲ್ಲಿ 24 ಗೆದ್ದು 76 ಸೋತಳೆನ್ನಿ. ಗೆಲವುಗಳಿಂದ ಬಂದದ್ದು 24 ಬಾರಿ 30.4, ಅಂದರೆ 729.6, ಸೋಲುಗಳಿಂದ ಹೋದದ್ದು 76 ಬಾರಿ 9.6, ಅದೂ 729.6. ರೇಟಿಂಗ್ ಸರಿಯಾಗಿದ್ದರೆ ಅದು ಇದ್ದಲ್ಲೇ ನಿಲ್ಲುತ್ತದೆ. ಅವಳ ಬಲ ನಿಜವಾಗಿ 1700ರಷ್ಟೇ ಇದ್ದ ಪಕ್ಷದಲ್ಲಿ ಅವಳು ಅರ್ಧದಷ್ಟು ಅಂಕಗಳನ್ನು ಗಳಿಸಿ, ಆಟದಿಂದಾಟಕ್ಕೆ ಏರುತ್ತ ತನ್ನ ಯಥಾಸ್ಥಾನವನ್ನು ಸೇರುತ್ತಾಳೆ. ಹೊಗಳಿದವರಿಂದ ಏರದೆ, ತೆಗಳಿದವರಿಂದ ಇಳಿಯದೆ, ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಈ ಗುಣವೇ ಎಲೊ ಪದ್ಧತಿಯ ಪ್ರಾಣ.

ಗುಣಕವನ್ನು ಎಲ್ಲರಿಗೂ ಒಂದೇ ಸಮನೆ ಇಡದಿರುವುದಕ್ಕೂ ಕಾರಣವುಂಟು. ಹೊಸಬರ ವಿಷಯದಲ್ಲಿ ನಮಗಿರುವ ತಿಳಿವಳಿಕೆ ಕಡಿಮೆಯಾದ್ದರಿಂದ, ಮೊದಲ 30 ಆಟಗಳು ಮುಗಿಯುವವರೆಗೆ ಅವರ ಗುಣಕ 40. ಆನಂತರ ಸಾಮಾನ್ಯವಾಗಿ 20. ಒಮ್ಮೆ 2400ನ್ನು ಮುಟ್ಟಿದವರಿಗೆ 10. ಉದಾಹರಣೆಯ ಉಪಾಧ್ಯಾಯರು ವಿದ್ಯಾರ್ಥಿನಿಗೆ ಸೋತರೆ 20ರ ಗುಣಕದಂತೆ 15.2 ಮಾತ್ರ ಇಳಿಯುತ್ತಾರೆ. ಬೆಳೆಯುವ ವಯಸ್ಸಿನವರ ಅಂಕೆ ಚುರುಕಾಗಿ ಚಲಿಸಬೇಕು, ನೆಲೆಗೊಂಡವರದು ನಿಧಾನವಾಗಿ ಚಲಿಸಬೇಕು ಎಂಬುದು ಇದರ ಆಶಯ.

ಹೀಗಿರಲಾಗಿ, ರೇಟಿಂಗನ್ನು ವ್ಯಕ್ತಿಯ ಯೋಗ್ಯತೆಯ ಮೇಲೆ ಕೊಟ್ಟ ಶಾಶ್ವತವಾದ ತೀರ್ಪೆಂದು ತಿಳಿಯುವುದು ದೊಡ್ಡ ಪ್ರಮಾದ. ಮುನಿರಾಬಾದಿನಲ್ಲಿ ತುಂಗಭದ್ರಾ ಜಲಾಶಯದ ಮಟ್ಟವನ್ನು ದಿನವೂ ಅಳೆದು ಪ್ರಕಟಿಸುತ್ತಾರೆ. ಒಳಹರಿವಿಗೂ ಹೊರಹರಿವಿಗೂ ತಕ್ಕಂತೆ ಅದು ಏರಿಳಿಯುತ್ತಿರುತ್ತದೆ. ಪೂರ್ಣಮಟ್ಟವಾದ 1633 ಅಡಿಗೆ ಎಷ್ಟು ಕಡಿಮೆಯಿದೆಯೆಂದು ರೈತರು ನೋಡಿಕೊಂಡು ನಾಟಿಯ ಏರ್ಪಾಡನ್ನು ಮಾಡಿಕೊಳ್ಳುತ್ತಾರೆಯೇ ಹೊರತು, ಒಂದು ಬೇಸಿಗೆಯ ಮಟ್ಟವನ್ನು ಕಂಡು ನದಿಯ ಹಣೆಬರಹವೇ ಇಷ್ಟೆಂದು ಯಾರೂ ನಿರ್ಣಯಿಸುವುದಿಲ್ಲ. ಆಟಗಾರನ ರೇಟಿಂಗೂ ಆ ಹೊತ್ತಿನ ಮಟ್ಟ. ಮುಂದಿನ ಆಟದ ಬಗ್ಗೆ ಮಾಡಿದ ಯುಕ್ತವಾದ ಊಹೆ.

ಮಟ್ಟವನ್ನು ಅಳೆಯುವ ಕೋಲನ್ನೇ ಆಗಾಗ ಸರಿಪಡಿಸಬೇಕಾಗುತ್ತದೆ ಎಂಬುದಕ್ಕೆ ಇತ್ತೀಚಿನ ನಿದರ್ಶನವೊಂದಿದೆ. ಎಳೆಯ ಆಟಗಾರರು ಕಡಿಮೆ ಅಂಕೆಯಿಂದ ಪ್ರವೇಶಿಸಿ, ಅಂಕೆಗಿಂತ ವೇಗವಾಗಿ ಬಲಿತು, ಹಿರಿಯರಿಂದ ಅಂಕಗಳನ್ನು ಸೆಳೆಯುತ್ತ ಹೋದುದರಿಂದ, ಕೆಳಗಿನ ಶ್ರೇಣಿಗಳಲ್ಲಿ ಅಂಕೆಗಳು ಒಟ್ಟಾರೆ ಕುಸಿದಿದ್ದವು. ಇದನ್ನು ಮನಗಂಡು ಫಿಡೆ 2024ರ ಮಾರ್ಚ್ 1ರಿಂದ 2000ಕ್ಕೆ ಕೆಳಗಿದ್ದವರೆಲ್ಲರ ರೇಟಿಂಗನ್ನು, 2000ಕ್ಕೆ ಇದ್ದ ಕೊರತೆಯ ಐದರಲ್ಲಿ ಎರಡು ಪಾಲಿನಷ್ಟು ಏರಿಸಿತು: 1000 ಇದ್ದದ್ದು 1400 ಆಯಿತು, 1500 ಇದ್ದದ್ದು 1700 ಆಯಿತು. ಪಟ್ಟಿಯ ಅತಿ ಕೆಳಗಿನ ಮಿತಿಯೂ 1000ದಿಂದ 1400ಕ್ಕೆ ಏರಿತು. ಹೊಸಬರು ಈಗಾಗಲೇ ರೇಟಿಂಗ್ ಇರುವ ಕನಿಷ್ಠ ಐವರೊಡನೆ ಆಡಿರಬೇಕು. ಅವರ ಮೊದಲ ಅಂಕೆಯನ್ನು ಲೆಕ್ಕ ಹಾಕುವಾಗ 1800ರ ಮಟ್ಟದ ಇಬ್ಬರು ಕಲ್ಪಿತ ಎದುರಾಳಿಗಳೊಡನೆ ಡ್ರಾ ಮಾಡಿಕೊಂಡಂತೆ ಭಾವಿಸಿ ಸೇರಿಸಿಕೊಳ್ಳುತ್ತಾರೆ. ಒಂದೆರಡು ಆಕಸ್ಮಿಕ ಸೋಲುಗಳಿಂದ ಹೊಸಬರು ಪಾತಾಳಕ್ಕೆ ಬೀಳದಿರಲೆಂಬುದೇ ಇದರ ಉದ್ದೇಶ.

ಇನ್ನೊಂದು ದೋಷವು ನಮ್ಮಂತಹ ದೂರದ ಜಿಲ್ಲೆಗಳಿಗೆ ವಿಶೇಷವಾಗಿ ಅನ್ವಯಿಸತಕ್ಕದ್ದು. ಒಂದು ಗುಂಪು ತನ್ನೊಳಗೇ ಆಡಿಕೊಂಡಿದ್ದರೆ, ಆ ಗುಂಪಿನ ಅಂಕೆಗಳು ಅವರವರೊಳಗಣ ತಾರತಮ್ಯವನ್ನು ಸರಿಯಾಗಿ ಹೇಳಬಹುದಾದರೂ ಹೊರಗಿನವರೊಡನೆ ಹೋಲಿಕೆಗೆ ಒದಗುವುದಿಲ್ಲ. ಅಮೆರಿಕದ ವರ್ಜೀನಿಯ ರಾಜ್ಯದ ಸೆರೆಮನೆಯಲ್ಲಿದ್ದ ಕ್ಲಾಡ್ ಬ್ಲಡ್‌ಗುಡ್ ಎಂಬ ಕೈದಿಯು ಸಹಕೈದಿಗಳೊಡನೆಯೇ ಅಸಂಖ್ಯಾತ ಆಟಗಳನ್ನಾಡಿ, 1996ರ ವೇಳೆಗೆ 2702ರ ರೇಟಿಂಗನ್ನು ತಲುಪಿ, ಆ ದೇಶದ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೇರಿದ್ದು ಇದಕ್ಕೆ ಪ್ರಸಿದ್ಧ ದೃಷ್ಟಾಂತ. ಲೆಕ್ಕದಲ್ಲಿ ತಪ್ಪಿರಲಿಲ್ಲ; ಗೋಡೆಯಾಚೆಗೆ ಹೋಗಿ ಅದನ್ನು ಒರೆಗೆ ಹಚ್ಚುವ ಅವಕಾಶವಿರಲಿಲ್ಲ. ಇದರ ವಿಪರ್ಯಾಸವೂ ಅಷ್ಟೇ ನಿಜ: ಪ್ರತಿಭಾವಂತರಾದ ಮಕ್ಕಳು ತಮ್ಮ ತಾಲೂಕಿನೊಳಗೇ ಒಬ್ಬರನ್ನೊಬ್ಬರು ಸೋಲಿಸಿಕೊಂಡಿದ್ದರೆ, ಗುಂಪಿನ ನಿಜವಾದ ಬಲವು ಎಷ್ಟು ಬೆಳೆದರೂ ಅದರ ಒಟ್ಟು ಅಂಕೆ ತಕ್ಕಷ್ಟು ಬೆಳೆಯದು. ಹೊರಗಿನ ಆಟಗಾರನೊಬ್ಬನು ಊರಿಗೆ ಬರುವುದೂ, ಊರಿನವನೊಬ್ಬನು ಹೊರಗೆ ಹೋಗಿ ಆಡುವುದೂ ಅಳತೆಯ ಪ್ರಾಮಾಣ್ಯಕ್ಕೆ ಅತ್ಯವಶ್ಯಕ.

ಆಟವು ಅಂತರರಾಷ್ಟ್ರೀಯ ಮಟ್ಟವನ್ನು ಮುಟ್ಟಿದಾಗ ಈ ಅಂಕೆಗಳೇ ಪದವಿಯ ಬಾಗಿಲನ್ನು ತೆರೆಯುತ್ತವೆ. ಇಂಟರ್‌ನ್ಯಾಷನಲ್ ಮಾಸ್ಟರ್ ಪದವಿಗೆ 2400, ಗ್ರ್ಯಾಂಡ್‌ಮಾಸ್ಟರ್ ಪದವಿಗೆ 2500ರ ರೇಟಿಂಗನ್ನು ಮುಟ್ಟಬೇಕು. ಅದರ ಜೊತೆಗೆ ಬಲಿಷ್ಠ ಸ್ಪರ್ಧೆಗಳಲ್ಲಿ ನಿಗದಿಯಾದ ಮಟ್ಟದ ಸಾಧನೆಯನ್ನು ಸಾಮಾನ್ಯವಾಗಿ ಮೂರು ಬಾರಿ ತೋರಿಸಬೇಕು. ಭಾರತಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ದೊರೆತದ್ದು 1988ರಲ್ಲಿ, ವಿಶ್ವನಾಥನ್ ಆನಂದ್ ಅವರಿಂದ. ಅವರೇ 2006ರ ಏಪ್ರಿಲ್ ಪಟ್ಟಿಯಲ್ಲಿ 2803ನ್ನು ತಲುಪಿ, 2800ನ್ನು ದಾಟಿದ ಮೊದಲ ಭಾರತೀಯರೆನಿಸಿದರು. ಕರ್ನಾಟಕವು ತನ್ನ ಮೊದಲ ಗ್ರ್ಯಾಂಡ್‌ಮಾಸ್ಟರಿಗಾಗಿ 2017ರವರೆಗೆ ಕಾಯಬೇಕಾಯಿತು. ಮೈಸೂರಿನ ಎಂ. ಎಸ್. ತೇಜಕುಮಾರ್ ಅವರು ಮೂವತ್ತು ದಾಟಿದ ಪ್ರೌಢವಯಸ್ಸಿನಲ್ಲಿ ಆ ಪದವಿಯನ್ನು ಪಡೆದು ದೇಶದ 50ನೆಯ ಗ್ರ್ಯಾಂಡ್‌ಮಾಸ್ಟರ್ ಆದರು. ಮರುವರ್ಷ ಶಿವಮೊಗ್ಗದ ಜಿ. ಎ. ಸ್ಟ್ಯಾನಿ ಅವರ ಸರದಿ ಬಂತು. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಹದಿನೈದನೆಯ ವಯಸ್ಸಿನಲ್ಲಿ ದೇಶದ 76ನೆಯ ಗ್ರ್ಯಾಂಡ್‌ಮಾಸ್ಟರ್ ಎನಿಸಿದರು. ಹದಿನೈದರ ಬಾಲಕನಿಗೂ ಮೂವತ್ತು ದಾಟಿದ ಪ್ರೌಢರಿಗೂ ಒಂದೇ ಅಳತೆ, ಒಂದೇ ಬಾಗಿಲು. ವಯಸ್ಸು, ಊರು, ಸಂಪತ್ತುಗಳನ್ನು ಈ ಬಾಗಿಲು ಕೇಳುವುದೇ ಇಲ್ಲ. ಪ್ರಶ್ನೆ ಇರುವುದು ಆ ಬಾಗಿಲಿನವರೆಗೆ ಬರುವ ದಾರಿ ಎಲ್ಲರಿಗೂ ಇದೆಯೇ ಎಂಬುದರಲ್ಲಿ.

ಎಲೊ ಪದ್ಧತಿಯ ಕೊರತೆಗಳನ್ನು ತುಂಬಿಕೊಡುವ ಪ್ರಯತ್ನಗಳೂ ನಡೆದಿವೆ. ಇಬ್ಬರ ರೇಟಿಂಗ್ 1500 ಎಂದಿರಲಿ. ಒಬ್ಬನು ವಾರವಾರವೂ ಆಡುವವನು, ಇನ್ನೊಬ್ಬನು ಐದು ವರುಷದಿಂದ ಕಾಯಿಗಳನ್ನು ಮುಟ್ಟದವನು. ಅಂಕೆ ಒಂದೇ ಆದರೂ ಅದರ ಮೇಲೆ ನಾವು ಇಡಬಹುದಾದ ನಂಬಿಕೆ ಒಂದೇ ಅಲ್ಲ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಾರ್ಕ್ ಗ್ಲಿಕ್‌ಮನ್ 1995ರಲ್ಲಿ ರೂಪಿಸಿದ ಗ್ಲಿಕೊ ಪದ್ಧತಿಯು ಪ್ರತಿ ರೇಟಿಂಗಿನ ಜೊತೆಗೆ ಅದರ ಅನಿಶ್ಚಯದ ಪ್ರಮಾಣವನ್ನೂ ಬರೆದಿಡುತ್ತದೆ. ಆಡುತ್ತ ಹೋದಂತೆ ಅನಿಶ್ಚಯ ಕುಗ್ಗುತ್ತದೆ, ಆಡದೆ ಕುಳಿತರೆ ಹಿಗ್ಗುತ್ತದೆ. ಅನಿಶ್ಚಯ ಹೆಚ್ಚಿರುವವರ ಅಂಕೆ ಪ್ರತಿ ಫಲಿತಾಂಶದಿಂದಲೂ ದೂರ ಜಿಗಿಯುತ್ತದೆ. ಅಂತರಜಾಲದಲ್ಲಿ ಚದುರಂಗವಾಡುವ ಲಿಚೆಸ್ ತಾಣದಲ್ಲಿ ಹೊಸಬರ ಅಂಕೆಯ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಾಣುವುದು ಇದೇ ಕಾರಣದಿಂದ.

ತಂಡವಾಗಿ ಆಡುವ ಆಟಗಳಲ್ಲಿ ತೊಡಕು ಮತ್ತೊಂದು ಬಗೆಯದು. ನಾಲ್ವರು ಗೆಳೆಯರು ಕೂಡಿ ಗೆದ್ದಾಗ ಗೆಲವಿನಲ್ಲಿ ಯಾರ ಪಾಲೆಷ್ಟು? ಮೈಕ್ರೋಸಾಫ್ಟ್ ಸಂಸ್ಥೆಯ ಸಂಶೋಧಕರು ಎಕ್ಸ್‌ಬಾಕ್ಸ್ ಆಟಗಳಿಗಾಗಿ ರಚಿಸಿ 2006ರಲ್ಲಿ ಪ್ರಕಟಿಸಿದ ಟ್ರೂಸ್ಕಿಲ್ ಪದ್ಧತಿಯು, ತಂಡದ ಬಲವೆಂದರೆ ಸದಸ್ಯರ ಬಲಗಳ ಮೊತ್ತವೆಂದು ಇಟ್ಟುಕೊಂಡು, ಬೇರೆಬೇರೆ ಜೊತೆಗಾರರೊಡನೆ ಆಡಿದ ಅನೇಕ ಆಟಗಳ ಫಲಿತಾಂಶಗಳಿಂದ ಒಬ್ಬೊಬ್ಬರ ಬಲವನ್ನು ಬಿಡಿಸಿ ತೆಗೆಯುತ್ತದೆ. ಕಾಲ್ಚೆಂಡಿನ ವಿಶ್ವಸಂಸ್ಥೆಯಾದ ಫಿಫಾ ಸಹ 2018ರಲ್ಲಿ ಪುರುಷರ ರಾಷ್ಟ್ರೀಯ ತಂಡಗಳ ಶ್ರೇಯಾಂಕಕ್ಕೆ ಎಲೊ ಮಾದರಿಯ ಲೆಕ್ಕವನ್ನು ಅಳವಡಿಸಿಕೊಂಡಿತು. ಇಂದಿನ ಹುಡುಗರು ಮೊಬೈಲಿನ ಯುದ್ಧದಾಟಗಳಲ್ಲಿ ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಮ್, ಡೈಮಂಡ್ ಎಂದು ಏರುವ ಮೆಟ್ಟಿಲುಗಳನ್ನಾದರೋ ಬೇರೆಯಾಗಿಯೇ ನೋಡಬೇಕು. ಅಂತಹ ಅನೇಕ ಆಟಗಳಲ್ಲಿ ಮೆಟ್ಟಿಲು ಏರುವುದಕ್ಕೆ ಕೌಶಲದ ಜೊತೆಗೆ ಬಿಡದೆ ಆಡುವ ಕಾಲವೂ ಕಾರಣವಾಗುತ್ತದೆ. ಋತು ಮುಗಿದೊಡನೆ ಎಲ್ಲರನ್ನೂ ಒಂದಷ್ಟು ಕೆಳಕ್ಕಿಳಿಸಿ ಮತ್ತೆ ಏರುವಂತೆ ಪ್ರೇರಿಸಲಾಗುತ್ತದೆ. ಅಲ್ಲಿ ಕಾಣುವ ಬಿರುದು ಬಲದ ಶುದ್ಧವಾದ ಅಳತೆಯಲ್ಲವೆಂಬುದನ್ನು ಹಿರಿಯರು ಮಕ್ಕಳಿಗೆ ತಿಳಿಸಿ ಹೇಳಬೇಕು.

ಅಳತೆ ಎಷ್ಟೇ ನಿರ್ದುಷ್ಟವಾದರೂ ಅದನ್ನು ಹಿಡಿದ ಮನಸ್ಸು ಕೆಟ್ಟರೆ ಫಲ ಕೆಡುತ್ತದೆ. ಗಳಿಸಿದ ಅಂಕೆ ಕರಗೀತೆಂಬ ಭಯದಿಂದ ಸ್ಪರ್ಧೆಗೇ ಹೋಗದೆ ಮನೆಯಲ್ಲುಳಿಯುವ ಎಳೆಯರಿದ್ದಾರೆ. 1600ಕ್ಕೆ ಕೆಳಗಿನವರಿಗೆ, 1800ಕ್ಕೆ ಕೆಳಗಿನವರಿಗೆ ಎಂದು ಪ್ರತ್ಯೇಕವಾಗಿಟ್ಟ ಬಹುಮಾನಗಳ ಆಸೆಗೆ ಬೇಕೆಂದೇ ಸೋತು ಅಂಕೆಯನ್ನು ಇಳಿಸಿಕೊಳ್ಳುವವರೂ ಇದ್ದಾರೆ. ಪ್ರತಿ ಆಟ ಮುಗಿದೊಡನೆ 'ಎಷ್ಟು ಕಳೆದೆ?' ಎಂದು ಮಗುವನ್ನು ಗದರಿಸುವ ಹೆತ್ತವರೂ ಇಲ್ಲದಿಲ್ಲ. ಇವರೆಲ್ಲರೂ ಅಂಕೆಯನ್ನು ಆಸ್ತಿಯೆಂದು ಭ್ರಮಿಸಿದವರು. 200 ಅಂಕೆ ಮೇಲಿನವನೊಡನೆ ಆಡಿ ನಾಲ್ಕರಲ್ಲಿ ಮೂರು ಸೋತ ಮಗು ಸರಿಯಾಗಿಯೇ ಆಡಿದೆಯೆಂದು ಲೆಕ್ಕವೇ ಸಾರಿ ಹೇಳುತ್ತಿರುವಾಗ, ಆ ಮಗುವನ್ನು ಗದರಿಸುವುದಕ್ಕೆ ಯಾವ ಆಧಾರವೂ ಇಲ್ಲ. ಸಮಬಲನಾದ ಎದುರಾಳಿಯನ್ನು ದೊರಕಿಸಿಕೊಡುವುದು, ತುಸು ಮೇಲಿನವನನ್ನು ತೋರಿಸಿ ಕಲಿಕೆಗೆ ದಾರಿ ಮಾಡುವುದು, ಇವೇ ರೇಟಿಂಗಿನ ಸಾರ್ಥಕವಾದ ಉಪಯೋಗಗಳು.

ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ರೂಪುಗೊಂಡ ಕೊಪ್ಪಳ ಜಿಲ್ಲೆಯಲ್ಲಿ ಬುದ್ಧಿವಂತರಾದ ಮಕ್ಕಳಿಗೆ ಕೊರತೆಯಿಲ್ಲ. ಅವರ ಬಲವನ್ನು ಒರೆಗೆ ಹಚ್ಚುವ ಅವಕಾಶಗಳು ಹೆಚ್ಚಬೇಕು. ಚದುರಂಗದ ಹಾಸು, ಕಾಯಿ, ಗಡಿಯಾರಗಳಿಗೆ ಕುಸ್ತಿಯ ಕಣಕ್ಕೆ ತಗಲುವಷ್ಟು ಸ್ಥಳವೂ ಬೇಡ. ಜಾತ್ರೆ ಉತ್ಸವಗಳಲ್ಲಿ ಕುಸ್ತಿಗೆ ಉದಾರವಾಗಿ ಬಹುಮಾನವಿಡುವ ನಮ್ಮ ಊರುಗಳ ಹಿರಿಯರು, ಮಠಮಾನ್ಯಗಳು, ಶಾಲಾಕಾಲೇಜುಗಳು, ವರ್ತಕರು ಕೂಡಿ, ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಸರದಿಯಂತೆ ವರ್ಷಕ್ಕೊಮ್ಮೆಯಾದರೂ ಫಿಡೆ ಮಾನ್ಯತೆಯುಳ್ಳ ಸ್ಪರ್ಧೆಯನ್ನು ಏರ್ಪಡಿಸಿ, ನೆರೆಯ ಬಳ್ಳಾರಿ, ಗದಗ, ರಾಯಚೂರುಗಳ ಆಟಗಾರರನ್ನೂ ಆದರದಿಂದ ಬರಮಾಡಿಕೊಳ್ಳಲಿ. ಹಳ್ಳಿಯ ಮಗುವಿನ ಹೆಸರಿನ ಮುಂದೆ ಬರುವ ಮೊದಲ ಅಂಕೆ ಸಣ್ಣದಾಗಿದ್ದರೂ ಚಿಂತೆಯಿಲ್ಲ. ಅದು ಮಗು ಆಡಿ ಗಳಿಸಿದ ನಿಜವಾದ ಅಂಕೆಯಾಗಿರಲಿ, ಮುಂದೆ ಆಡುವುದಕ್ಕೆ ಅದಕ್ಕೆ ಎದುರಾಳಿ ದೊರೆಯಲಿ.